ಗೋಲಿನ ಹಿಂದೆ ನಿಂತ ಅಪ್ಪ

ಟಿವಿಯಲ್ಲಿ ದೊಡ್ಡ ಆಟಗಾರನೊಬ್ಬ ಪೆನಾಲ್ಟಿ ಕೆಡಿಸಿಕೊಂಡರೆ ಕಾಮೆಂಟರಿಯವರು ‘ಒತ್ತಡ’ ಎನ್ನುತ್ತಾರೆ. ಪಾಪ, ಅವನಿಗೆ ಒತ್ತಡ. ನನಗಾದದ್ದಕ್ಕೆ ನಮ್ಮೂರು ಮೊಳಕಾಲ್ಮೂರಿನಲ್ಲಿ ಇಟ್ಟ ಹೆಸರು ಪುಕ್ಕಲುತನ. ಹತ್ತು ವರ್ಷವಾಯಿತು, ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ, “ಏನಮ್ಮಾ, ಚೆಂಡು ಬಂದ್ರೆ ಕಣ್ಣು ಮುಚ್ಕಂಡ್ಯಂತೆ?” ಎಂದು ನಗುತ್ತಾರೆ. ನಗಲಿ. ನಾಲಿಗೆಗೆ ಎಲುಬಿಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಂಚಿಗೆ ಬೇರೆ ಬಣ್ಣ ಬರಬೇಕಾದರೆ ಮಗ್ಗಕ್ಕೆ ಇಬ್ಬರು ಬೇಕು. ಅಪ್ಪ ನಡುವೆ ಕೂತು ನೇಯುತ್ತಿದ್ದ, ನಾನು ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದೆ. ಎಳೆ ಹರಿದದ್ದು ಕಣ್ಣಿಗೆ ಬಿದ್ದರೆ ಸಾಕು, ಮನೆಮಾತಾದ ತೆಲುಗಿನಲ್ಲಿ “ಆಪು!” ಎಂದು ಕೂಗುತ್ತಿದ್ದ. ನಿಲ್ಲಿಸು ಅಂತ. ಆಗ ಕೈ ಇದ್ದಲ್ಲೇ ನಿಲ್ಲಬೇಕು. ಇನ್ನೊಂದು ಸಲ ಲಾಳಿ ಓಡಿತೋ, ತಪ್ಪು ಸೀರೆಯೊಳಗೆ ಕೂತುಬಿಡುತ್ತದೆ. ಆಮೇಲೆ ಬಿಚ್ಚುವ ಕೆಲಸ, ಜೊತೆಗೆ ನನ್ನ ಬೆನ್ನಿಗೊಂದು ಗುದ್ದು. ನನ್ನ ಕೈ ಎಷ್ಟು ಪಳಗಿತ್ತೆಂದರೆ ಆ ಮಾತು ಕಿವಿಗೆ ಬಿತ್ತೋ ಇಲ್ಲವೋ, ನಿಂತುಬಿಡುತ್ತಿತ್ತು.

ಅದೇ ಕೈಗಳ ಚುರುಕು ನನ್ನನ್ನು ಫುಟ್‌ಬಾಲ್ ಗೋಲ್‌ಕೀಪರ್ ಮಾಡಿತು. ಚಳ್ಳಕೆರೆಯ ಹಾಸ್ಟೆಲ್ಲಿನಲ್ಲಿದ್ದು ಓದುತ್ತಲೇ ರಾಜ್ಯ ತಂಡದ ಕೊನೆಯ ಆಯ್ಕೆ ಪಂದ್ಯದವರೆಗೆ ಹೋದೆ. ಉಳಿದಿದ್ದು ಒಂದೇ ಜಾಗ, ಅದಕ್ಕೆ ಇಬ್ಬರು ಕೀಪರ್‌ಗಳು. ಬೆಂಗಳೂರಿನ ಆ ಮೈದಾನಕ್ಕೆ ಅಪ್ಪನನ್ನು ಕರೆದುಕೊಂಡು ಹೋದವಳು ನಾನೇ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಉಳಿದವರ ಅಪ್ಪ, ಅವ್ವ ಶಾಮಿಯಾನದ ನೆರಳಲ್ಲಿ ಕೂತರು. ನಮ್ಮಪ್ಪ ಮಾತ್ರ ನನ್ನ ಗೋಲಿನ ಬಲೆಯ ಹಿಂದೆ ಬಂದು ನಿಂತ.

“ಅಲ್ಲಿ ನೆರಳೈತೆ, ಹೋಗಿ ಕೂತ್ಕಳಪ್ಪಾ,” ಎಂದೆ.

“ಸೀರೆ ನೋಡೋದು ಹಿಂದ್ಗಡೆಯಿಂದಾನೇ. ಮುಂದೆ ನಿಂತ್ರೆ ತಪ್ಪು ಎಲ್ಲಿ ಕಾಣ್ತೈತೆ?” ಎಂದ.

ಅಲ್ಲಿಗೆ ಮುಗಿಯಿತು. ದಿನಾ ಕಣ್ಣು ಮುಚ್ಚಿ ಹಿಡಿಯುವಂಥ ಚೆಂಡುಗಳು ಗ್ಲೌಸಿನಿಂದ ಪುಟಿದು ಹೋಗತೊಡಗಿದವು. ಚೆಂಡು ನೋಡುವ ಬದಲು ನನ್ನ ಕೈಗಳನ್ನೇ ನೋಡುತ್ತಿದ್ದೆ, ಎಲ್ಲಿ ತಪ್ಪುತ್ತವೋ ಎಂದು. ಆದರೂ ಹೇಗೋ ತಡೆದೆ. ಕೊನೆಯ ಐದು ನಿಮಿಷದವರೆಗೂ ಗೋಲು ಬಿಡಲಿಲ್ಲ.

ಆಗ ನಮ್ಮ ಡಿಫೆಂಡರ್ ಒಬ್ಬಳು ಕಾಲು ಜಾರಿ ಬಿದ್ದಳು. ಎದುರಾಳಿ ಹುಡುಗಿ ಚೆಂಡು ತೆಗೆದುಕೊಂಡು ಒಬ್ಬಳೇ ನುಗ್ಗಿ ಬಂದಳು. ನಾನು ಮುಂದೆ ಓಡಿ ಅಡ್ಡ ಬೀಳಬೇಕಿತ್ತು. ಓಡಲು ಕಾಲನ್ನೂ ಎತ್ತಿದ್ದೆ. ಹಿಂದಿನಿಂದ ಅಪ್ಪ ಕೂಗಿದ.

“ಆಪು!”

ತಪ್ಪು ಕಂಡೊಡನೆ ಅವನ ಬಾಯಿಗೆ ಬರುವ ಮಾತು ಅದೊಂದೇ. ನನ್ನ ಕೈಕಾಲು ಇದ್ದಲ್ಲೇ ನಿಂತವು. ಚೆಂಡು ನನ್ನ ಪಕ್ಕದಲ್ಲೇ, ಯಾವ ಅವಸರವೂ ಇಲ್ಲದೆ ಉರುಳಿ ಒಳಗೆ ಹೋಯಿತು.

“ಹೆದರಿಬಿಟ್ಟೆಯಲ್ಲೇ! ಹೆದರೋರಿಗೆ ಇಲ್ಲಿ ಜಾಗ ಇಲ್ಲ,” ಎಂದರು ಕೋಚ್. ಆ ಜಾಗ ಇನ್ನೊಬ್ಬಳಿಗೆ ಹೋಯಿತು. ಕಾರಣ ಹೇಳಬಹುದಿತ್ತು. ಹೇಳಿದ್ದರೆ ಎಲ್ಲರೂ ಅಪ್ಪನ ಕಡೆ ತಿರುಗಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಅಪ್ಪ ಮುಚ್ಚಿಕೊಳ್ಳಲಿಲ್ಲ. ಊರಿಗೆ ಬಂದವನೇ ಚಹಾದಂಗಡಿಯಲ್ಲಿ ಕೂತು, “ಚೆಂಡು ನಿಲ್ಸು ಅಂತ ನಾನು ಕೂಗ್ದೆ ಕಣ್ರಿ, ಆದ್ರೂ ಹೆದ್ರಿ ನಿಂತ್ಬಿಟ್ಲು,” ಎಂದ. ಪುಕ್ಕಲಿ ಎಂಬ ಹೆಸರು ಹುಟ್ಟಿದ್ದೇ ಅಲ್ಲಿ.

ನಾನೀಗ ಚಳ್ಳಕೆರೆಯ ಶಾಲೆಯೊಂದರಲ್ಲಿ ಪಿಟಿ ಟೀಚರ್. ಭಾನುವಾರ ಊರಿಗೆ ಹೋಗುತ್ತೇನೆ. ಅಪ್ಪನ ಕಣ್ಣು ಮಂಜಾಗಿದೆ, ಮಗ್ಗ ಮಾತ್ರ ಬಿಟ್ಟಿಲ್ಲ. ಹೋದ ವಾರ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದೆ. ಅವನ ಮುಂದೆಯೇ ಒಂದು ಎಳೆ ಹರಿಯಿತು. ಅವನಿಗೆ ಕಾಣಲಿಲ್ಲ. ನನಗೆ ಕಂಡಿತು.

ಲಾಳಿ ಎಸೆದೆ. ಮತ್ತೆ ಎಸೆದೆ. ಒಂದು ಗೇಣು ನೇಯುವವರೆಗೂ ಎಸೆಯುತ್ತಲೇ ಇದ್ದೆ. ಬಟ್ಟೆಯ ಅಡಿಗೆ ಬೆರಳಾಡಿಸಿದಾಗ ಅವನಿಗೆ ತಿಳಿಯಿತು.

“ನಿಂಗೆ ಕಂಡಿರ್ಬೇಕಲ್ಲವ್ವಾ? ಆಪು ಅನ್ಬಾರ್ದಿತ್ತಾ?”

“ಹಂಗಂದ್ರೆ ಏನಾಗ್ತೈತೆ ಅಂತ ನಂಗೊತ್ತೈತಪ್ಪಾ,” ಎಂದೆ.

ಅವನು ತಲೆ ತಗ್ಗಿಸಿ ಬಿಚ್ಚತೊಡಗಿದ. ಚಳ್ಳಕೆರೆಯ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ನಾನು ಎದ್ದು ಹೋಗಿ ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ.