ಕಣ್ಣಿಗೊತ್ತಿಕೊಂಡ ಪಾದ

ನನ್ನ ಬಲಗಾಲಿನ ಕಿರುಬೆರಳೂ ಅದರ ಪಕ್ಕದ ಬೆರಳೂ ಈಗ ಇಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅವನ್ನು ತೆಗೆದರು. ಉಳಿದ ಪಾದ ಉಳಿಯುವುದೆಂದು ಯಾರೂ ಇನ್ನೂ ಖಚಿತವಾಗಿ ಹೇಳಿಲ್ಲ. ಎಪ್ಪತ್ತು ದಾಟಿದ ದೇಹದಿಂದ ಎರಡು ಬೆರಳು ಹೋಗುವುದು ಲೋಕಕ್ಕೆ ದೊಡ್ಡ ನಷ್ಟವೇನಲ್ಲ. ಶಿವನು ಕೊಟ್ಟದ್ದನ್ನು ಶಿವನು ಹಿಂತೆಗೆದುಕೊಂಡರೆ ದೂರುವ ಅಭ್ಯಾಸವೂ ನನಗಿಲ್ಲ. ಆದರೆ ಈ ಬೆರಳುಗಳನ್ನು ಕಳೆದವರು ನನ್ನನ್ನು ಗೌರವಿಸುವ ಜನ. ಬೆಳಗಿನ ಪೂಜೆಗೆ ಕುಳಿತು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿದಾಗಲೂ ಆ ಸಿಟ್ಟು ಒಳಗೆ ಕುದಿಯುತ್ತಲೇ ಇರುತ್ತದೆ.

ನಾನು ಹಾನಗಲ್ಲಿನ ಒಂದು ಜಂಗಮ ಮನೆತನದವನು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಕರಣವನ್ನೂ ಆಗಮಗಳನ್ನೂ ಓದಿದೆ. ಆಮೇಲಿನ ಆಯುಷ್ಯವೆಲ್ಲ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಭಕ್ತರ ಮನೆಗಳಲ್ಲಿ ಲಗ್ನ, ಗೃಹಪ್ರವೇಶ, ಲಿಂಗಧಾರಣೆ ನಡೆಸುತ್ತ ಕಳೆಯಿತು. ಹೋದ ಮನೆಗಳಲ್ಲೆಲ್ಲ ಪಾದಪೂಜೆ ಇರುತ್ತದೆ. ಮಣೆಯ ಮೇಲೆ ಕುಳ್ಳಿರಿಸಿ, ತಾಮ್ರದ ತಾಟಿನಲ್ಲಿ ಪಾದಗಳನ್ನಿರಿಸಿ, ನೀರೆರೆದು ತೊಳೆದು, ವಿಭೂತಿ ಹಚ್ಚಿ, ಪತ್ರಿ ಹೂವು ಏರಿಸಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ಬಾಗಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತೊಳೆದ ನೀರನ್ನು ಪಾದೋದಕವೆಂದು ಸ್ವೀಕರಿಸುತ್ತಾರೆ. ಆ ಗೌರವ ನಾನು ಹೊತ್ತ ಪರಂಪರೆಗೆ ಸಲ್ಲುವುದೆಂದು ನಂಬಿ ಪಾದ ನೀಡುತ್ತ ಬಂದವನು ನಾನು. ಈಗಲೂ ಆ ನಂಬಿಕೆ ಕದಲಿಲ್ಲ. ಅದು ಕದಲಿದ್ದರೆ ಸಿಟ್ಟು ಇಷ್ಟು ಬರುತ್ತಿರಲಿಲ್ಲ.

ನಮ್ಮ ಡಾಕ್ಟರ ದವಾಖಾನೆ ಬಸ್ ನಿಲ್ದಾಣದಿಂದ ತುಸು ಒಳಗಿನ ಓಣಿಯಲ್ಲಿದೆ. ಅವರ ತಂದೆಯ ಕಾಲದಿಂದ ನಡೆದುಬಂದದ್ದು. ಡಾಕ್ಟರು ಕೂಸಾಗಿದ್ದಾಗ ಅವರಿಗೆ ಲಿಂಗಧಾರಣೆ ಮಾಡಿದವನು ನಾನೇ. ಸುಳ್ಳು ಹೇಳಬಾರದು, ಅವರು ಒಳ್ಳೆಯ ವೈದ್ಯರು. ಮಕ್ಕಳ ಲಸಿಕೆ, ಬಸುರಿಯರ ತಪಾಸಣೆ, ಬಿ.ಪಿ., ಇ.ಸಿ.ಜಿ., ಕುಡುಗೋಲು ತಾಗಿಸಿಕೊಂಡು ಬಂದವರಿಗೆ ಹೊಲಿಗೆ, ಎಲ್ಲವೂ ಅಲ್ಲಿ ಆಗುತ್ತದೆ. ಹೊರಗೋಡೆಯ ಫಲಕದ ಮೇಲೆ ಇವೆಲ್ಲ ಬರೆದಿವೆ. ಕೊನೆಯ ಸಾಲಿನಲ್ಲಿ ‘ಸಕ್ಕರೆ ಕಾಯಿಲೆಯವರಿಗೆ ಪಾದ ಪರೀಕ್ಷೆ’ ಎಂದೂ ಇದೆ.

ಬರೆದದ್ದನ್ನು ಅವರು ಮಾಡುತ್ತಾರೆ ಕೂಡ. ಸವಣೂರಿನಿಂದ ಬರುವ ಒಬ್ಬ ವೀಳ್ಯದೆಲೆ ವ್ಯಾಪಾರಿಯ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳನ್ನೂ ಬಿಡಿಸಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

“ಸಾಹೇಬ್ರ, ಈ ಉಗುರ ಯಾರ ತಗದ್ರು?”

“ನಾನ ತಗದೀನ್ರಿ ಡಾಕ್ಟರ, ಬ್ಲೇಡ್ ತೊಗೊಂಡು.”

“ಹಂಗಾರ ಮುಂದಿನ ಸಲ ಆ ಬ್ಲೇಡಿಗೇ ಬಿ.ಪಿ. ತೋರಸ್ರಿ. ನನ್ನ ಕಡೆ ಯಾಕ ಬರ್ತೀರಿ?”

ಬೆಂಚಿನ ಮೇಲೆ ಕುಳಿತವರೆಲ್ಲ ನಕ್ಕರು, ಸಾಹೇಬರೂ ನಕ್ಕರು. ನಗುತ್ತಲೇ ಅವರು ಉಗುರಿನ ಬಳಿಯ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು, ಗಟ್ಟಿ ಚಪ್ಪಲಿ ಕೊಳ್ಳಲು ಒಪ್ಪಿ ಹೋದರು. ಆ ಮನುಷ್ಯನ ಹತ್ತು ಬೆರಳೂ ಇಂದಿಗೂ ಇವೆ.

ನನಗೂ ಅದೇ ಕಾಯಿಲೆ, ಬಹಳ ವರ್ಷಗಳಿಂದ. ತಿಂಗಳಿಗೊಮ್ಮೆ ನಾನು ಹೋದರೆ ಡಾಕ್ಟರು ಕೈಯಲ್ಲಿದ್ದ ರೋಗಿಯನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ತಮ್ಮ ಚಪ್ಪಲಿ ಕಳಚಿ, ಬಾಗಿ, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. “ನೀವ್ಯಾಕ ಬರಾಕ ಹೋದ್ರಿ ಅಯ್ನಾರ? ಹೇಳಿ ಕಳಿಸಿದ್ರ ನಾನ ಮನಿಗೆ ಬರ್ತಿದ್ದೆ.” ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ತಾವು ನಿಂತಿರುತ್ತಿದ್ದರು. ತಪಾಸಣೆಯ ಮಂಚದ ಮೇಲೆ ಮಲಗೆಂದು ಒಮ್ಮೆಯೂ ಹೇಳಲಿಲ್ಲ. ರಕ್ತಕ್ಕಾಗಿ ಬೆರಳು ಚುಚ್ಚುವ ಮೊದಲು “ತಪ್ಪ ತಿಳಕೋಬ್ಯಾಡ್ರಿ” ಎನ್ನುತ್ತಿದ್ದರು. ಸಕ್ಕರೆ ಏರಿದಾಗ ಬೇರೆಯವರಿಗೆ ಗದರಿಕೆ ಬೀಳುತ್ತಿತ್ತು. ನನಗೆ ಮಾತ್ರ “ಚೂರ ಹೆಚ್ಚೈತ್ರಿ, ಶಿವನ ಇಚ್ಛಾ” ಎಂಬ ಮೆಲುದನಿ. ಪಾದಗಳಲ್ಲಿ ಜೋಮು ಹಿಡಿದಂತಿದೆ, ನೆಲ ಮುಟ್ಟಿದ್ದೇ ತಿಳಿಯುವುದಿಲ್ಲ ಎಂದು ನಾನು ಹೇಳಿದ್ದುಂಟು. ವಯಸ್ಸಿಗೆ ಬರುವುದೆಂದು ಹೇಳಿ ಒಂದು ಗುಳಿಗೆ ಕೊಟ್ಟರು. ಆ ವ್ಯಾಪಾರಿಯ ಕಾಲನ್ನು ನೋಡಿದ ಕಣ್ಣು, ನನ್ನ ಕಾಲ ಬಳಿ ಬಂದೊಡನೆ ಭಕ್ತಿಯಿಂದ ಮುಚ್ಚಿಕೊಳ್ಳುತ್ತಿತ್ತು.

ಗಾಯ ಯಾವಾಗ ಆಯಿತೋ ನಾನರಿಯೆ. ಗುಡಿ, ಅಂಗಳ, ಭಕ್ತರ ಮನೆ ಎಂದು ಬರಿಗಾಲಲ್ಲೇ ತಿರುಗುವ ಜೀವನ. ಗೋವಿನಜೋಳದ ಸುಗ್ಗಿಯ ದಿನಗಳು. ಎಲ್ಲ ಅಂಗಳದಲ್ಲೂ ಕೊಯ್ದ ದಂಟಿನ ಚೂಪು ಮೋಟುಗಳು ಬಿದ್ದಿರುತ್ತವೆ. ನೋವೇ ಆಗದ ಕಾಲಿಗೆ ಏನೋ ಚುಚ್ಚಿದೆ. ಬೆನ್ನು ಬಾಗದ ನನಗೆ ನನ್ನ ಅಂಗಾಲು ಕಾಣುವಂತಿರಲಿಲ್ಲ. ಕಾಣುವಂತಿದ್ದವರು ನನ್ನ ಕಾಲಿಗೆ ಬಾಗುತ್ತಿದ್ದವರು ಮಾತ್ರ.

ತಿಳವಳ್ಳಿಯ ಒಂದು ಗೃಹಪ್ರವೇಶ ಈಗ ನನ್ನ ಕಣ್ಣಿಗೆ ಕಟ್ಟಿದಂತಿದೆ. ಪಾದ ತೊಳೆಯುತ್ತಿದ್ದ ಮನೆಯೊಡತಿಯ ಕೈ ಕಿರುಬೆರಳಿನ ಕೆಳಗೆ ಒಮ್ಮೆ ನಿಂತಿತು. ಆಕೆ ತಲೆ ಎತ್ತಿ ಗಂಡನ ಮುಖ ನೋಡಿದಳು. ಅವನು ಸುಮ್ಮನಿರೆಂಬಂತೆ ಕಣ್ಸನ್ನೆ ಮಾಡಿದ. ಆಕೆ ಅಲ್ಲಿಗೆ ಇನ್ನಷ್ಟು ವಿಭೂತಿ ಒತ್ತಿದಳು, ಅದರ ಮೇಲೊಂದು ದಾಸವಾಳ ಇಟ್ಟಳು. ಎಂಥ ಭಾವ ಎಂದುಕೊಂಡೆ ನಾನು. ಗಾಯವನ್ನು ಅವರು ಕಂಡಿದ್ದರು. ಕಂಡೂ ಆ ನೀರನ್ನು ಕುಡಿದರು, ಮಕ್ಕಳ ಬಾಯಿಗೂ ಹಾಕಿದರು. ಅದನ್ನು ನೆನೆದಾಗ ನನ್ನ ಮೈ ಉರಿಯುತ್ತದೆ. ಯಾವ ಆಗಮ ಹೇಳಿದೆ, ಕೀವನ್ನು ಹೂವಿನಿಂದ ಮುಚ್ಚಿರೆಂದು? ಅಂಗದ ಮೇಲೆ ಲಿಂಗವನ್ನು ಧರಿಸುವ ನಮಗೆ ಅಂಗ ಎಂದಿನಿಂದ ಇಷ್ಟು ಹೇಳಬಾರದ ವಸ್ತುವಾಯಿತು?

ಹೇಳಿದವಳು ನನ್ನ ಅಕ್ಕ. ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿರುವವಳು, ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಬಂದ ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ನಿಂತು ಮೂಗೇರಿಸಿದಳು.

“ಇಲ್ಲೆ ಎಲ್ಲ್ಯೋ ಇಲಿ ಸತ್ತೈತಿ.”

ಸೊಸೆ ಕಾಳಿನ ಚೀಲಗಳನ್ನು ಸರಿಸಿ ನೋಡಿದಳು. ಇಲಿ ಸಿಗಲಿಲ್ಲ. ಅಕ್ಕ ವಾಸನೆ ಹಿಡಿಯುತ್ತ ಹಿಡಿಯುತ್ತ ನನ್ನ ಕುರ್ಚಿಯ ತನಕ ಬಂದಳು. ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಳಿತು, ಹೇಳದೆ ಕೇಳದೆ ನನ್ನ ಬಲಗಾಲನ್ನೆತ್ತಿದಳು.

“ತಮ್ಮಾ, ಇಲಿ ಸತ್ತಿಲ್ಲೋ. ನಿನ್ನ ಕಾಲ ಸಾಯಾಕತ್ತೈತಿ.”

“ಏನಾಗೇತಿ?”

“ಬೆರಳು ಬದನಿಕಾಯಿ ಆಗೇತಿ. ಅದರ ಕೆಳಗ ಕೀವ ಸುರ್ಯಾಕತ್ತೈತಿ. ದಿನಾ ಇಷ್ಟ ಮಂದಿ ನಿನ್ನ ಕಾಲಿಗೆ ಬೀಳತಾರ, ಒಬ್ಬರಿಗೂ ಕಣ್ಣಿಲ್ಲೇನು? ಮುಚ್ಚಿಕೊಂಡ ಬೀಳತಾರೇನು?”

ಸೊಸೆ ಬಾಗಿಲಿಗೆ ಒರಗಿ ಅಳತೊಡಗಿದಳು. ಹಾಸಿಗೆಯ ಮೇಲೆ ಕಲೆ ನೋಡಿದ್ದೆ, ಮಾವನವರ ಪಾದದ ಮಾತು ಹೆಂಗ ಎತ್ತಲಿ ಅಂತ ಸುಮ್ಮನಿದ್ದೆ ಎಂದಳು. ಅಕ್ಕ ಅವಳಿಗೆ, “ಅತ್ತರ ಬೆರಳ ಚಿಗಿಯೂದಿಲ್ಲವಾ, ಒಂದ ಆಟೋ ಕರಿ” ಎಂದಳು.

ದವಾಖಾನೆಯಲ್ಲಿ ಅಂದು ತುಂಬ ಜನ. ನನ್ನನ್ನು ಕಂಡೊಡನೆ ಬೆಂಚಿನವರೆಲ್ಲ ಎದ್ದು ನಿಂತರು.

“ಕುಂದರ್ರಿ, ಕುಂದರ್ರಿ” ಎಂದಳು ಅಕ್ಕ. “ಇಂವ ಇವತ್ತ ಅಯ್ಯ ಅಲ್ಲ, ಪೇಶಂಟ್ ಅದಾನ. ತುಸು ಸರದ್ರ ಸಾಕು.”

ಒಳಗಿಂದ ಡಾಕ್ಟರು ಎಂದಿನಂತೆ ಹೊರಬಂದರು. ಚಪ್ಪಲಿ ಕಳಚಿ, ಬಾಗಿ, ಕೈ ಚಾಚಿದರು. ನಾನು ಪಾದವನ್ನು ಹಿಂದೆಳೆದುಕೊಂಡೆ.

“ನಮಸ್ಕಾರ ಆಮ್ಯಾಲ. ಮೊದಲ ಇದನ್ನ ನೋಡು.”

ಅವರು ನೋಡಿದರು. ಮುಖದಲ್ಲಿ ಬೆರಗು ಹುಟ್ಟಲಿಲ್ಲ. ಆ ಬೆರಗಿಲ್ಲದ ಮುಖವನ್ನು ಕಂಡ ಕ್ಷಣವೇ ನನಗೆ ಎಲ್ಲ ತಿಳಿಯಿತು.

“ನೀ ಇದನ್ನ ಮೊದಲ ನೋಡಿದ್ದಿ.”

ಡಾಕ್ಟರು ಬಾಗಿದವರು ಬಾಗಿಯೇ ಇದ್ದರು. “ಹೋದ ತಿಂಗಳ ನಮಸ್ಕಾರ ಮಾಡೂ ಮುಂದ ಕಂಡಿತ್ರಿ. ಆವಾಗ ಸಣ್ಣದಿತ್ರಿ.”

“ಯಾಕ ಹೇಳಲಿಲ್ಲ?”

“ನಿಮ್ಮ ಪಾದಕ್ಕ ಹುಣ್ಣಾಗೈತಿ ಅಂತ ನನ್ನ ಬಾಯಿಂದ ಹೆಂಗ ಅನ್ಲಿರಿ ಅಯ್ನಾರ? ಎಲ್ಲಾರೂ ಕುಂತಿದ್ರು. ಅದಕ್ಕ ಶಕ್ತಿ ಗುಳಿಗಿ ಅಂತ ಹೇಳಿ ಹುಣ್ಣ ಮಾಯೂ ಗುಳಿಗಿ ಕೊಟ್ಟಿದ್ದೆ.”

ಶಕ್ತಿಯ ಗುಳಿಗೆ. ಒಪ್ಪತ್ತು ಉಂಡು ಲಿಂಗಪೂಜೆ ಮಾಡುವವನಿಗೆ ಶಕ್ತಿಯ ಗುಳಿಗೆ ಏತಕ್ಕೆಂದು ನಾನು ಅದನ್ನು ಅರ್ಧಕ್ಕೇ ಬಿಟ್ಟಿದ್ದೆ. ಹೀಗೆಂದು ಹೇಳಿದೆ. ಡಾಕ್ಟರು ನೆಲಕ್ಕೆ ಕುಳಿತುಬಿಟ್ಟರು.

“ಡಾಕ್ಟರಪ್ಪಾ,” ಎಂದಳು ಅಕ್ಕ, “ನಮ್ಮ ತಮ್ಮಗ ಎಮ್ಮಿಗೆ ನೋಡಿದಂಗರ ನೋಡಬೇಕಿತ್ತಪಾ. ಎಮ್ಮಿ ಕಾಲ ಕುಂಟಿದ್ರ ಗೊರಸ ಎತ್ತಿ ನೋಡತಾರ.”

ಯಾರೂ ನಗಲಿಲ್ಲ. ನನ್ನ ಬಾಯಿಂದ ಅಂದು ಬಂದ ಮಾತುಗಳನ್ನು ನಾನು ಈ ಆಯುಷ್ಯದಲ್ಲಿ ಯಾರಿಗೂ ಆಡಿರಲಿಲ್ಲ. “ನಿನಗ ಲಿಂಗಾ ಕಟ್ಟಿದಾಂವ ನಾ. ನನ್ನ ಮುಂದ ಸುಳ್ಳ ಹೇಳೋ ಭಕ್ತಿ ನಿನಗ ಯಾರ ಕಲಿಸಿದ್ರು? ಆ ಎಲಿ ಸಾಹೇಬಗ ಬೈದಿ, ಅವನ ಕಾಲ ಉಳಿಸಿದಿ. ನನಗ ಕೈ ಮುಗದು, ನನ್ನ ಕಾಲ ಕೊಳಿಸಿದಿ. ಹೊರಗ ಬೋರ್ಡಿನ ಮ್ಯಾಲ ಬರದೀಯಲ್ಲಾ ಪಾದ ಪರೀಕ್ಷಾ ಅಂತ, ಅದರ ಕೆಳಗ ಅಯ್ಯಗೋಳಿಗೆ ಇಲ್ಲ ಅಂತನೂ ಬರಿ.”

ಅವರು ಒಂದು ಮಾತಿಗೂ ಎದುರಾಡಲಿಲ್ಲ. ಅದು ಮತ್ತಷ್ಟು ಸಿಟ್ಟು ತಂದಿತು. ವಾದಿಸಿದ್ದರೆ, ನೀವೂ ಹೋಳಿಗೆ ಬಿಡಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ ಎಂದು ಹೇಳಿದ್ದರೆ, ಒಬ್ಬ ವೈದ್ಯ ಎದುರಿಗಿದ್ದಾನೆಂದು ಅನ್ನಿಸುತ್ತಿತ್ತು. ಬಾಗಿದ ತಲೆಯೊಡನೆ ಯಾರು ಜಗಳವಾಡಬಲ್ಲರು? ತಲೆ ಬಗ್ಗಿಸಿಕೊಂಡೇ ಹುಬ್ಬಳ್ಳಿಯ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ತಡಸ ಊರಿನ ಮೇಲೆ ಹಾಯ್ದು ಹೋಗುವ ದಾರಿಯುದ್ದಕ್ಕೂ ಅಕ್ಕ ನನ್ನ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಆಸ್ಪತ್ರೆಯ ಶಸ್ತ್ರವೈದ್ಯ ಇನ್ನೂ ಎಳೆಯ ವಯಸ್ಸಿನವನು, ನಾನು ಯಾರೆಂದು ಅರಿಯದವನು. ಕೈಗವಸು ಹಾಕಿಕೊಂಡು ಒತ್ತಿ ನೋಡಿದ.

“ಇಷ್ಟ ಆಗೂ ತನಕ ನಿಮ್ಮ ಡಾಕ್ಟರಿಗೆ ತೋರಸಲಿಲ್ಲೇನ್ರಿ ಅಜ್ಜಾರ?”

“ತಿಂಗಳಾ ಹೋಗತಿದ್ನೆಪಾ.”

“ಅವರು ಪಾದ ಮುಟ್ಟಿ ನೋಡಲಿಲ್ಲೇನ್ರಿ?”

“ಮುಟ್ಟತಿದ್ರು. ತಪ್ಪದ ಮುಟ್ಟತಿದ್ರು.”

ಅವನಿಗೆ ಅರ್ಥವಾಗಲಿಲ್ಲ. ಎರಡು ಬೆರಳು ಹೋಗಲೇಬೇಕು, ತಡವಾದರೆ ಪಾದ, ಇನ್ನೂ ತಡವಾದರೆ ಮೊಣಕಾಲ ಕೆಳಗಿನದೆಲ್ಲ ಎಂದು ನೇರವಾಗಿ ಹೇಳಿದ. ಬಹಳ ವರ್ಷಗಳ ಮೇಲೆ ಒಬ್ಬ ವೈದ್ಯನ ಬಾಯಿಂದ ನನ್ನ ದೇಹದ ಬಗೆಗಿನ ನಿಜವನ್ನು ಕೇಳಿದೆ. ಆಗಲಿ ಎಂದೆ.

ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಹಿರೇಬೆಂಡಿಗೇರಿಯಿಂದ ಹಳೆಯ ಭಕ್ತರೊಬ್ಬರು ಮಗನ ಲಗ್ನಕ್ಕೆ ಕರೆಯಲು ಬಂದರು. ಪಟ್ಟಿ ಕಟ್ಟಿದ ಕಾಲನ್ನು ನೋಡಿ ಮರುಗಿದರು. ಆಮೇಲೆ ತುಸು ಹಿಂಜರಿಯುತ್ತ, “ಪಾದಪೂಜಿ ಇಲ್ಲದ ಹೆಂಗ್ರಿ ಅಯ್ನಾರ? ಬಲಗಾಲ ಇರಲಿ ಬಿಡ್ರಿ. ಎಡಗಾಲ ಐತಲ್ರಿ, ಅದನ್ನರ ಕೊಡ್ರಿ” ಎಂದರು.

ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು. ಆದರೂ ನನಗೆ ಅವರನ್ನು ಎಬ್ಬಿಸಿ ಕಳಿಸಬೇಕೆನ್ನುವಷ್ಟು ಸಿಟ್ಟು ಬಂತು. ತಡೆದುಕೊಂಡೆ. ಲಗ್ನಕ್ಕೆ ಬಂದು ಅಕ್ಷತೆ ಹಾಕುತ್ತೇನೆ, ಚಪ್ಪಲಿ ಮೆಟ್ಟಿಕೊಂಡೇ ಚಪ್ಪರದೊಳಗೆ ಬರುತ್ತೇನೆ, ನನ್ನ ಕಾಲಿಗೆ ಯಾರೂ ನೀರು ಹಾಕುವಂತಿಲ್ಲ ಎಂದೆ. ಚಪ್ಪಲಿಯ ಮಾತಿಗೆ ಅವರ ಮುಖ ಬಾಡಿತು. ಬಾಡಲಿ.

ಪಟ್ಟಿ ಬದಲಿಸಿಕೊಳ್ಳಲು ನಾನು ಹೋಗಬೇಕಾದದ್ದು ಅದೇ ಓಣಿಯ ಅದೇ ದವಾಖಾನೆಗೆ. ಊರಿನಲ್ಲಿ ಆ ಕೆಲಸ ಚೆನ್ನಾಗಿ ಬಲ್ಲವರು ಅವರೇ. ಮೊದಲ ದಿನಗಳಲ್ಲಿ ಡಾಕ್ಟರ ಕಣ್ಣು ತುಂಬುತ್ತಿತ್ತು. “ಅಳೂದಿದ್ರ ಮನ್ಯಾಗ ಅತ್ತ ಬಾ. ಇಲ್ಲಿ ಕಾಲ ನೋಡು” ಎಂದಿದ್ದೆ. ನಾನು ಬೆಂಚಿನ ಮೇಲೆ ಸರದಿಯಲ್ಲಿ ಕೂರುತ್ತಿದ್ದೆ. ಪಕ್ಕದವರು ಸಂಕೋಚದಿಂದ ಮುದುಡುತ್ತಿದ್ದರು.

ನಿನ್ನೆ ಪಟ್ಟಿ ಬಿಚ್ಚಿ ಗಾಯ ನೋಡಿದ ಮೇಲೆ ಅವರು ಎದ್ದು ಹೋಗಲಿಲ್ಲ. ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು ಕುಳಿತರು.

“ಆ ಇನ್ನೊಂದು ಕಾಲೂ ಮ್ಯಾಲ ಇಡ್ರಿ.”

ತೊಡೆಯ ಮೇಲೆ ನನ್ನ ಎಡಗಾಲನ್ನಿಟ್ಟುಕೊಂಡು, ಬೆರಳುಗಳನ್ನು ಬಿಡಿಸಿ, ಬ್ಯಾಟರಿ ಹಾಕಿ, ಹಿಮ್ಮಡದ ತನಕ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಎತ್ತಿ, ನನ್ನ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದರು:

“ಹಿಮ್ಮಡದಾಗ ಬಿರಕ ಬಿಟ್ಟೈತ್ರಿ. ಆಳ ಐತಿ. ಹಿಂಗ ಬಿಟ್ರ ಈ ಕಾಲೂ ಅದರ ದಾರೀನ ಹಿಡೀತೈತಿ. ಬರಿಗಾಲಲೆ ಅಡ್ಡಾಡೂದು ಬಂದ್ ಮಾಡ್ರಿ. ಭಕ್ತರ ಮನ್ಯಾಗ ಹೋಳಗಿ ತಿನ್ನೂದೂ ಬಂದ್.”

ಪರದೆಯಾಚೆ ಬೆಂಚಿನ ತುಂಬ ಜನ ಕುಳಿತಿದ್ದರು. ಈ ಮಾತು ಎಂದೋ ಬರಬೇಕಿತ್ತು. ಎರಡು ಬೆರಳು ಹೋದ ಮೇಲೆ ಬಂದಿದೆ. ಕಾಲು ಅವರ ತೊಡೆಯ ಮೇಲೆಯೇ ಇತ್ತು. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ.

“ಜೋರಾಗಿ ಹೇಳು” ಎಂದೆ. “ಹೊರಗ ಕುಂತಾವರಿಗೂ ಕೇಳಬೇಕು.”

ಅವರು ಮತ್ತೊಮ್ಮೆ ಹೇಳಿದರು.