ಎರಡು ಯಂತ್ರ ಒಪ್ಪಬೇಕು

ಸ್ಮೋಕ್ ಅಲಾರಂ ಕಿರುಚಿದರೆ ನಾವೆಲ್ಲ ಬಾಗಿಲಿಗೆ ಓಡುತ್ತಿದ್ದೆವು. ದೇಸಾಯಿ ಅಂಕಲ್ ಮಾತ್ರ ಅಡುಗೆಮನೆಗೆ ಹೋಗಿ ಮೂಗೆತ್ತಿ ನಿಲ್ಲುತ್ತಿದ್ದರು. "ತಡೀರಿ, ವಾಸನಿ ಇಲ್ಲ," ಎನ್ನುವರು. ಫ್ಲೋರಲ್ ಪಾರ್ಕಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದವರು, ವಾಯುಪಡೆಯ ರೇಡಾರ್ ಕೇಂದ್ರದಲ್ಲಿ ಅಧಿಕಾರಿಯಾಗಿದ್ದು, ನಿವೃತ್ತರಾದ ಮೇಲೆ ಹೆಂಡತಿ ವಿಮಲಾ ಆಂಟಿಯೊಂದಿಗೆ ದೇಶ ಬಿಟ್ಟು ಇಲ್ಲಿಗೆ, ಮಗಳು ಸುಷ್ಮಾಳ ಮನೆಗೆ ಬಂದಿದ್ದರು. ಸ್ನೋ ಬರುತ್ತದೆ ಎಂದು ಫೋನು ಹೇಳಿದರೆ ಟಿವಿಯನ್ನೂ ಕೇಳುವರು. ಟಿವಿ ಒಪ್ಪಿದ ಮೇಲೇ ಸಲಿಕೆ ಹೊರಗೆ ಬರುತ್ತಿತ್ತು. "ಸೂರ್ಯ ಹುಟ್ಟಿದ್ದನ್ನೂ ಇನ್ನೊಬ್ಬರನ್ನ ಕೇಳ್ತೀರಾ ಅಂಕಲ್?" ಎಂದು ನಾನು ಕಾಡುತ್ತಿದ್ದೆ.

ಕಾರಣ ತಿಳಿದದ್ದು ಒಮ್ಮೆ ಅಂಕಲ್ ಜೊತೆ ಕಾರಿನಲ್ಲಿ ಹಿಲ್‌ಸೈಡ್ ಅವೆನ್ಯೂನಲ್ಲಿ ಪಾರ್ಕಿಂಗ್‌ಗಾಗಿ ಸುತ್ತು ಹೊಡೆಯುತ್ತಿದ್ದಾಗ; ಅವರೇ ಹೇಳಿದರು. ಭಾರತ, ಪಾಕಿಸ್ತಾನ ಎರಡರ ಕೈಗೂ ಅಣುಬಾಂಬು ಬಂದಿದ್ದ ಕಾಲ. ಗಡಿಯ ತುಂಬ ಸೈನ್ಯ. ಇವರ ಪರದೆಯ ಮೇಲೆ ಒಂದು ಚುಕ್ಕೆ ನಮ್ಮತ್ತ ನುಗ್ಗಿ ಬಂತಂತೆ. ಜೊತೆಯವರು ಕ್ಷಿಪಣಿ ಎಂದು ಕೂಗಿಕೊಂಡರು. ಇವರು ಮೇಲಧಿಕಾರಿಗಳಿಗೆ ಸುದ್ದಿ ಕಳಿಸದೆ, ಪಕ್ಕದ ರೇಡಾರ್ ಕೇಂದ್ರಕ್ಕೆ ಫೋನು ಮಾಡಿದರು. ಅಲ್ಲಿನ ಪರದೆ ಖಾಲಿ. ಕೆಟ್ಟಿದ್ದು ಇವರ ಯಂತ್ರ. ಸುದ್ದಿ ಹೋಗಿದ್ದರೆ ನಮ್ಮ ಕಡೆಯಿಂದಲೂ ಬಾಂಬು ಹಾರಬಹುದಿತ್ತು.

"ಮೇಲಿನವರು ಶಾಭಾಸ್ ಅಂದ್ರಾ?" ಎಂದೆ.

"ಬೈದ್ರು. ಖರೇನ ಆಗಿದ್ರ ಏನ್ ಗತಿ ಅಂತ. ಪ್ರಮೋಷನ್ನೂ ಹೋತು. ಆದ್ರ ಎರಡು ಯಂತ್ರ ಒಪ್ಪಬೇಕವಾ."

ಮರುವರ್ಷ ಒಂದು ಬೆಳಗ್ಗೆ, ಸುಷ್ಮಾ ಕೆಲಸಕ್ಕೆ ಹೋದ ಮೇಲೆ, ಅಂಕಲ್ ನಮ್ಮ ಬಾಗಿಲು ಬಡಿದರು. ಆಂಟಿಗೆ ಬೆವರು, ಎದೆಭಾರ. ಬಿಪಿ ವಿಪರೀತ ತೋರಿಸುತ್ತಿದೆ. "ನಿಂದು ಬಿಪಿ ಮಷಿನ್ ಕೊಡವಾ, ನಮ್ದು ಕೆಟ್ಟದ ಅನಸ್ತದ." ನಾನು ನೈನ್ ಒನ್ ಒನ್‌ಗೆ ಫೋನು ಮಾಡುತ್ತಲೇ ಓಡಿದೆ. ಆಗಲೇ ಆಂಟಿ ಕುರ್ಚಿಯಿಂದ ಜಾರಿದ್ದರು. ಆಂಬುಲೆನ್ಸ್ ಬಂದರೂ ಉಳಿಯಲಿಲ್ಲ.

"ವೈ ಡಿಡಂಟ್ ಯು ಜಸ್ಟ್ ಕಾಲ್, ಅಪ್ಪಾ?" ಎಂದು ಸುಷ್ಮಾ ಆಸ್ಪತ್ರೆಯಲ್ಲಿ ಕೇಳಿದಳು. ಆಮೇಲೆ ಊಟಕ್ಕೆ, ಔಷಧಿಗೆ ಬಿಟ್ಟರೆ ಅಪ್ಪನನ್ನು ಮಾತಾಡಿಸಲಿಲ್ಲ. ಅವಳ ಸಿಟ್ಟು ತಪ್ಪೆಂದು ಹೇಗೆ ಹೇಳಲಿ? ಆದರೂ ಆ ಮುದುಕರು ಕಂಡಾಗಲೆಲ್ಲ ನಾನೇ ನಿಂತು ಮಾತಾಡಿಸುತ್ತಿದ್ದೆ.

ಕೊನೆಯ ಸಲ ಕಂಡಾಗ ಹಿತ್ತಲಲ್ಲಿ ಒಬ್ಬರೇ ಕೂತಿದ್ದರು. ತಡೆಯಲಾರದೆ ಹೇಳಿಬಿಟ್ಟೆ: "ಆ ರೇಡಾರ್ ವಿಷಯ ಸುಷ್ಮಾಗೆ ಹೇಳಿ ಅಂಕಲ್. ನೀವು ತಡೆದಿದ್ದಕ್ಕೆ ಎಷ್ಟು ಲಕ್ಷ ಜನ ಬದುಕಿದಾರೆ ಅಂತ ಅವಳಿಗೂ ಗೊತ್ತಾಗ್ಲಿ."



"ಲಕ್ಷ ಮಂದೀನ ತಗೊಂಡು ಆಕಿ ಏನ್ ಮಾಡಬೇಕವಾ? ಆಕಿಗೆ ಬೇಕಾಗಿದ್ದಾಕಿ ಒಬ್ಬಾಕಿ."

ಆ ಚಳಿಗಾಲದಲ್ಲೇ ಅವರು ತೀರಿಹೋದರು, ಮಗಳಿಗೆ ಏನೂ ಹೇಳದೆ. ಸುಷ್ಮಾ ಈಗಲೂ ಪಕ್ಕದ ಮನೆಯಲ್ಲೇ ಇದ್ದಾಳೆ. ನನಗೂ ಅದನ್ನು ಹೇಳಲು ಬಾಯಿ ಬಂದಿಲ್ಲ.