ಬಾಗಿಲ ಪಕ್ಕದಲ್ಲಿ ನಿಲ್ಲುವ ಅಳಿಯ

ಈ ದೀಪಾವಳಿಯಲ್ಲಿ ಪಕ್ಕದ ಮನೆಯವರು ಹಚ್ಚಿದ ಪಟಾಕಿಯ ಹೊಗೆ ಸಾಗರದ ನಮ್ಮ ಅಡುಗೆಮನೆಗೇ ನುಗ್ಗಿತು. ಊರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ನಮ್ಮವರ ಖಾಕಿ ಅಂಗಿಯ ವಾಸನೆ. ಕೂತುಕೊಳ್ಳಿ, ಹೇಳುತ್ತೇನೆ, ಒಲೆಯ ಮೇಲೆ ಸೀಯುವಂಥದ್ದೇನೂ ಇಲ್ಲ.

ಐವತ್ತರ ದಶಕದ ಮಾತು. ನಮ್ಮವರು ಹೊಸನಗರದಲ್ಲಿ ಪೊಲೀಸ್ ಪೇದೆ. ಬೀಟು ಎಂದರೆ ಹಳ್ಳಿಯಿಂದ ಹಳ್ಳಿಗೆ ನಡೆದು, ಪಟೇಲರ ರುಜು ಹಾಕಿಸಿಕೊಂಡು ಬರುವುದು. ಅಷ್ಟಕ್ಕೆ ಏನು ವಿದ್ಯೆ ಬೇಕು ಅಂತ ನನ್ನ ಎಣಿಕೆ. ಆದರೂ ಅವರನ್ನು ಅದೆಂಥದೋ ತರಬೇತಿಗೆ ಕಳಿಸಿದರು. ತಿರುಗಿ ಬಂದವರ ಚರ್ಯೆಯೇ ಬೇರೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ದಾರಿಯಲ್ಲಿ ನನ್ನಿಂದ ನಾಲ್ಕು ಮಾರು ದೂರ ನಡೆಯುವುದು. ಅದಕ್ಕೆ ನಾನು ಬೇಜಾರು ಮಾಡಲಿಲ್ಲ ಬಿಡಿ, ಆಗಿನ ಗಂಡಸರೆಲ್ಲ ಹಾಗೇ ನಡೆಯುತ್ತಿದ್ದರು. ತಡೆಯಲಾಗದ್ದು ಬಾಗಿಲ ವಿಷಯ. ಯಾವ ಬಾಗಿಲಿಗೂ ಎದುರು ನಿಲ್ಲುತ್ತಿರಲಿಲ್ಲ. ಪಕ್ಕದ ಗೋಡೆಗೆ ಅಂಟಿಕೊಂಡು, ಕೈ ಮಾತ್ರ ಚಾಚಿ ತಟ್ಟುವುದು. ನಮ್ಮ ಮನೆಯದಕ್ಕೂ ಅದೇ!

"ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ದೆ ಎದುರು ನಿಲ್ಬಾರ್ದು ಮಾರಾಯ್ತಿ."

"ನಾನಲ್ದೆ ಮತ್ಯಾರಿರ್ತಾರ್ರೀ?"

"ಅಭ್ಯಾಸ ಅಂದ್ರೆ ಎಲ್ಲ ಬಾಗ್ಲಿಗೂ ಒಂದೇ."

ನಮ್ಮ ಕಡೆ ಬಂದವರು ಎದುರಿಗೆ ನಿಂತು ಮುಖ ತೋರಿಸಬೇಕು, ಅದು ಮರ್ಯಾದೆ. ಅಳಿಯ ಎಂದ ಮೇಲಂತೂ ಕೇಳಬೇಕೆ! ತೀರ್ಥಹಳ್ಳಿಯ ನನ್ನ ತವರಿಗೆ ಹೋದಾಗ ನಾನು ಯಾರನ್ನೋ ಮಾತಾಡಿಸುತ್ತ ಹಿಂದುಳಿದಿದ್ದೆ. ಬಾಗಿಲು ತಟ್ಟಿದ ಸದ್ದಿಗೆ ಅಮ್ಮ ಕಾಲಿಗೆ ನೀರು ಹಿಡಿದು ಬಂದಳು. ನೋಡಿದರೆ ಎದುರಿಗೆ ಯಾರೂ ಇಲ್ಲ. "ಅಯ್ಯ, ಯಾರೂ ಇಲ್ವಲ್ಲ!" ಎಂದವಳೇ ಅಗುಳಿ ಜಡಿದಳು. ಅಳಿಯಂದಿರು ಗೋಡೆಗೆ ಅಂಟಿಕೊಂಡೇ ಇದ್ದರು. ಕೇರಿಯೆಲ್ಲ ನಕ್ಕಿತು. ನನಗೆ ತಲೆ ಎತ್ತಲಾಗಲಿಲ್ಲ.

ಹೊಸನಗರಕ್ಕೆ ಮರಳಿದ ಮಾರನೆಯ ಬೆಳಿಗ್ಗೆ ಅವರು ಬೀಟಿಗೆ ಹೊರಟಾಗ ಅಡ್ಡ ನಿಂತೆ. "ಇನ್ಮೇಲೆ ಮನುಷ್ಯರ ಹಾಗೆ ಎದುರು ನಿಂತು ಬಾಗ್ಲು ತಟ್ತೀನಿ ಅಂತ ನನ್ನ ತಲೆ ಮುಟ್ಟಿ ಹೇಳಿ." ಮುಟ್ಟಿ ಹೇಳಿದರು, ಪಾಪ. ಗೆದ್ದೆ ಅಂದುಕೊಂಡೆ.

ಮಧ್ಯಾಹ್ನ ಪಕ್ಕದ ಮನೆಯ ಪೇದೆಯ ಹೆಂಡತಿ ಓಡಿ ಬಂದಳು. "ಅಕ್ಕಾ, ಬೀಟಿಗೆ ಹೋದಲ್ಲಿ ಈಡು ಹಾರಿದೆಯಂತೆ!" ತಮ್ಮನ ಜೊತೆ ಜಗಳವಾಡಿದ ಒಬ್ಬ ರೈತ, ಹಂದಿ ಹೊಡೆಯುವ ಕೋವಿ ಹಿಡಿದು ಬಾಗಿಲು ಹಾಕಿಕೊಂಡಿದ್ದನಂತೆ. ನಮ್ಮವರು ಆ ಬಾಗಿಲು ತಟ್ಟಿದರಂತೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಎದುರು ನಿಲ್ಲಿ ಎಂದವಳು ನಾನೇ ಅಲ್ಲವೆ? ಕೈಯಾರೆ ಗಂಡನನ್ನು ಕಳಕೊಂಡೆ ಎಂದು ತಲೆ ಚಚ್ಚಿಕೊಂಡೆ.

ಮೂರು ಗಂಟೆಗೆ ನಡೆದುಕೊಂಡೇ ಬಂದರು. ಅಂಗಿಯೆಲ್ಲ ಕೋವಿ ಮದ್ದಿನ ವಾಸನೆ, ಮೈಮೇಲೆ ಒಂದು ಗೀರೂ ಇಲ್ಲ. ಈಡು ಬಾಗಿಲ ಹಲಗೆ ಸೀಳಿ ಎದೆಮಟ್ಟಕ್ಕೇ ಹೊರಬಂದಿತ್ತಂತೆ. ಆ ಕೋವಿಗೆ ಒಂದೇ ಈಡು, ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಅಷ್ಟರೊಳಗೆ ಬಾಗಿಲು ಒದ್ದು ಒಳನುಗ್ಗಿ ಕಿತ್ತುಕೊಂಡಿದ್ದರು. ರೈತ ಇವರ ಹೆಗಲ ಮೇಲೇ ಅತ್ತನಂತೆ.

ನನ್ನ ಮುಂದೆ ಮಾತ್ರ ತಪ್ಪು ಮಾಡಿದವರ ಹಾಗೆ ನಿಂತರು. "ನಿನಗೆ ಮಾತು ಕೊಟ್ಟದ್ದು ನೆನಪಿತ್ತು ಕಣೇ, ಎದುರೇ ನಿಂತಿದ್ದೆ. ಕೈ ಎತ್ತೋ ಹೊತ್ತಿಗೆ ಕಾಲು ತಾನೇ ಪಕ್ಕಕ್ಕೆ ಹೋಯ್ತು. ಬೈಬೇಡ."

ಬೈಯುವುದೆಲ್ಲಿ ಬಂತು! ಪೊಲೀಸ್ ವಸತಿಯವರೆಲ್ಲ ನೋಡುತ್ತಿದ್ದಂತೆ ಅವರ ಕಾಲು ಹಿಡಿದುಕೊಂಡು ಅತ್ತೆ, ನಕ್ಕೆ. ಎದೆ ಅಷ್ಟು ಹಗುರಾದದ್ದು ಮತ್ತೆ ಯಾವತ್ತೂ ಇಲ್ಲ.

ಆಣೆ ಹಾಕಿಸಿದ್ದನ್ನು ನಾಚಿಕೆಗೆ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೊನ್ನೆ, ಪಟಾಕಿ ಹಚ್ಚಿದ ಮನೆಯ ಮಗಳು ಹಬ್ಬದ ಸಿಹಿ ಕೊಡಲು ಬಂದಳು. ಈ ವರ್ಷ ಪೊಲೀಸ್ ಸೇರಿದ್ದಾಳೆ. "ತರಬೇತೀಲಿ ದಿನಾ ಪಕ್ಕಕ್ಕೆ ನಿಲ್ಸಿ ಅದೇ ಬಾಗ್ಲು ತಟ್ಟಿಸ್ತಾರೆ ಅಜ್ಜಿ, ಮನೇಲೆಲ್ಲ ನಗ್ತಾರೆ" ಎಂದಳು. ಕೂರಿಸಿಕೊಂಡು ಎಲ್ಲ ಹೇಳಿದೆ.

"ನಗೋರು ನಗ್ಲಿ, ನೀ ತಟ್ಟು ಮಗಾ. ನಿಮ್ಮಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸಿದ್ರೂ ನಿನ್ನ ಕಾಲು ಕೇಳಬಾರ್ದು, ಅಷ್ಟು ಸಲ ತಟ್ಟು."